ದನದ ದವಾಖಾನಿಗೆ ಕ್ಯಾಮೆರಾ ಬಂದಾಗ

ಮೊದಲೇ ಹೇಳಿಬಿಡುತ್ತೇನೆ. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಹುಡುಕಿದರೂ ನನ್ನಷ್ಟು ದನಗಳ ಒದೆ ತಿಂದವನು ಇನ್ನೊಬ್ಬ ಸಿಗುವುದಿಲ್ಲ. ಎಡ ಮೊಣಕಾಲಿನ ಮೇಲೆ ಗಜೇಂದ್ರಗಡದ ಹೋರಿಯೊಂದರ ಗುರುತಿದೆ, ಬಲ ಪಕ್ಕೆಯಲ್ಲಿ ನರಗುಂದದ ಎಮ್ಮೆಯದು. ಸ್ನಾನಕ್ಕೆ ಕೂತಾಗ ಮೈ ನೋಡಿಕೊಂಡರೆ ಸಾಕು, ನಾನು ಎಲ್ಲೆಲ್ಲಿ ಸೇವೆ ಮಾಡಿದೆ ಎಂಬುದು ನೆನಪಾಗುತ್ತದೆ. ಪಶು ಪರೀಕ್ಷಕನ ಕೆಲಸ ನನ್ನದು. ನಡುವೆ ಬಡ್ತಿಯೂ ಬಂತು. ಅದರ ಸುದ್ದಿ ಬೇಡ, ನನ್ನ ಬಡ್ತಿಯಿಂದ ಯಾವ ದನವೂ ಗುಣವಾಗಲಿಲ್ಲ.

ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು, ಹುಡುಗಿಯರು ಒಮ್ಮೊಮ್ಮೆ ರೋಣದಲ್ಲಿ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಕಣ್ಣು ಫೋನಿನ ಮೇಲೆ.

‘ಈಗ ಏನೂ ತ್ರಾಸ ಇಲ್ರಿ ಫಕೀರಪ್ಪಾರ. ಕಿವ್ಯಾಗಿನ ಬಿಲ್ಲೆದ ಫೋಟೋ ಹೊಡದ್ರ ಮುಗೀತು. ಮಾಲಕನ ಹೆಸರು, ಊರು, ಎಲ್ಲಾ ಫೋನ ಹೇಳತೈತಿ.’

‘ಎಮ್ಮೀ ಮುಖಾನೂ ನೋಡತೀರೋ ಇಲ್ಲೋ?’ ಎಂದು ನಾನು ಕೇಳುತ್ತೇನೆ.

ನಗುತ್ತಾರೆ. ನಗಲಿ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕ್ಯಾಮೆರಾ ಬರುವ ಮೊದಲು ದನದ ಗುರುತನ್ನು ನಾವು ಕೈಯಿಂದ ಬರೆಯುತ್ತಿದ್ದೆವು. ಎತ್ತಾದರೆ ಸುಲಭ. ಹಣೆಯ ಸುಳಿ, ಬೆನ್ನಿನ ಸುಳಿ, ಕೊಂಬಿನ ತಿರುವು, ಬಾಲದ ಕುಚ್ಚು, ಬರೆಯಲು ಏನಾದರೂ ಇರುತ್ತದೆ. ಎಮ್ಮೆಗೆ ಏನು ಬರೆಯುತ್ತೀರಿ? ‘ಬಣ್ಣ ಕಪ್ಪು. ಕೊಂಬು ಹಿಂದಕ್ಕೆ.’ ತಾಲೂಕಿನ ಎಲ್ಲ ಎಮ್ಮೆಗಳೂ ಆ ಒಂದೇ ಸಾಲಿನೊಳಗೆ ಆರಾಮಾಗಿ ಮಲಗುತ್ತಿದ್ದವು. ನಾನು ಬೇಸರವಾದಾಗ ‘ಸ್ವಭಾವ: ನಮ್ಮ ಸಾಹೇಬರಂತೆ’ ಎಂದೂ ಒಮ್ಮೆ ಬರೆದಿದ್ದೆ. ಯಾರೂ ಓದಲಿಲ್ಲ.

ಆ ಸಾಹೇಬರನ್ನು ಇಲ್ಲಿಯೇ ಪರಿಚಯ ಮಾಡಿಸಿಬಿಡುತ್ತೇನೆ. ನಮ್ಮ ಪಶುವೈದ್ಯರು, ಮೈಸೂರಿನ ಕಡೆಯವರು. ಒಳ್ಳೆಯ ಮನುಷ್ಯ, ಒಳ್ಳೆಯ ಕೈಗುಣ. ಆದರೆ ಶರ್ಟಿಗೆ ಒಂದು ಹನಿ ಸಗಣಿ ಬಿದ್ದರೂ ಊಟ ಬಿಡುತ್ತಿದ್ದರು. ದನದ ಡಾಕ್ಟರಿಗೆ ಇದು ದೊಡ್ಡ ಕಾಯಿಲೆ. ಹಳ್ಳಿಯ ಜನ ನನ್ನನ್ನೇ ಡಾಕ್ಟರ್ ಎಂದು ಕರೆದು ಅವರನ್ನು ‘ನಿಮ್ಮ ಜೋಡಿ ಬಂದವರು’ ಎನ್ನುತ್ತಿದ್ದರು. ಅದು ಅವರಿಗೆ ಸಗಣಿಗಿಂತ ಹೆಚ್ಚು ಅಂಟುತ್ತಿತ್ತು. ನಾನು ಎಂದೂ ತಿದ್ದಲಿಲ್ಲ.

ಅವರೇ ಒಂದು ದಿನ ಗದುಗಿನಿಂದ ಡಿಜಿಟಲ್ ಕ್ಯಾಮೆರಾ ತಂದರು. ವಿಮೆ ಮಾಡಿಸುವ ಪ್ರತಿ ದನದ ಫೋಟೋ ಕಳಿಸಬೇಕೆಂದು ಹೊಸ ಆದೇಶ. ಸಾಬೂನಿನ ಡಬ್ಬಿಯಷ್ಟು ದೊಡ್ಡದು, ಬೆಳ್ಳಿ ಬಣ್ಣ. ದವಾಖಾನಿಯ ಮೇಜಿನ ಮೇಲೆ ಇಟ್ಟು ಎಲ್ಲರೂ ಸುತ್ತ ನಿಂತೆವು. ನಮ್ಮ ಜವಾನ ಮಾಬೂಸಾಬ ಟೊಪ್ಪಿಗೆ ಸರಿಮಾಡಿಕೊಂಡು ಮೊದಲ ಫೋಟೋಕ್ಕೆ ನಿಂತ. ಡಾಕ್ಟರು ಗುಂಡಿ ಒತ್ತಿ ತಿರುಗಿಸಿ ತೋರಿಸಿದರೆ ಹಿಂದಿನ ಗಾಜಿನಲ್ಲಿ ಮಾಬೂಸಾಬ.

ಅವನು ಬಹಳ ಹೊತ್ತು ನೋಡಿದ. ‘ತೊಳೀಲಿಕ್ಕೆ ಕೊಡೂದ ಬ್ಯಾಡೇನ್ರಿ?’

‘ಬೇಡ.’

‘ಹಂಗಾರ ಇದು ಖರೇ ಫೋಟೋ ಅಲ್ರಿ. ಇದು ಕನ್ನಡಿ.’

ಮಾಬೂಸಾಬನನ್ನು ಗೋಳು ಹೊಯ್ದುಕೊಳ್ಳುವುದು ನನ್ನ ಹಕ್ಕು, ಅದನ್ನು ಅವನೂ ಒಪ್ಪಿದ್ದ. ಡಾಕ್ಟರು ಮನೆಗೆ ಹೋದ ಮೇಲೆ ನಾನು ಮುಖ ಸಪ್ಪಗೆ ಮಾಡಿಕೊಂಡು ಹೇಳಿದೆ:

‘ಮಾಬೂ, ಇದೂ ಲಸಿಕಿ ಇದ್ದಂಗ. ಕಾವ ತಾಗಿದ್ರ ಕೆಡತೈತಿ.’

ಮರುದಿನ ಬೆಳಿಗ್ಗೆ ಡಾಕ್ಟರು ಕಪಾಟು ತೆರೆದರೆ ಕ್ಯಾಮೆರಾ ಇಲ್ಲ. ಕೊಠಡಿಯೆಲ್ಲ ಹುಡುಕಿ ಬೆವರಿಳಿಸಿಕೊಂಡರು. ಕೊನೆಗೆ ಮಾಬೂಸಾಬ ಲಸಿಕೆಯ ಫ್ರಿಜ್ ತೆರೆದು, ಗಂಟಲುಬೇನೆಯ ಬಾಟಲಿಗಳ ನಡುವಿನಿಂದ ಕರ್ಚೀಫಿನಲ್ಲಿ ಸುತ್ತಿದ್ದ ಕ್ಯಾಮೆರಾವನ್ನು ಕೂಸಿನಂತೆ ಎತ್ತಿ ಕೊಟ್ಟ. ಆ ಇಡೀ ಮುಂಜಾನೆ ತೆಗೆದ ಫೋಟೋಗಳಲ್ಲಿ ರೋಣದ ದನಗಳೆಲ್ಲ ಮಂಜಿನಲ್ಲಿ ನಿಂತಿದ್ದವು. ಬಿಸಿಲಿಗೆ ಹೆಸರಾದ ನಮ್ಮ ಊರಿಗೆ ಅಂಥ ಮಂಜು ಮತ್ತೆ ಬಿದ್ದಿಲ್ಲ.

‘ಯಾರ್ರೀ ಇದನ್ನ ಹೇಳಿದ್ದು?’ ಎಂದರು ಡಾಕ್ಟರು.

ಮಾಬೂಸಾಬ ನನ್ನ ಕಡೆ ನೋಡಲಿಲ್ಲ. ‘ಡಬ್ಬಿ ಮ್ಯಾಲ ಬರದಿತ್ರಿ,’ ಎಂದ. ಅವನಿಗೆ ಓದಲು ಬರುವುದಿಲ್ಲ ಎಂಬುದು ಡಾಕ್ಟರಿಗೂ ಗೊತ್ತಿತ್ತು. ಅಂಥ ಜೊತೆಗಾರ ಸಿಕ್ಕರೆ ಬಿಡಬೇಡಿರಿ.

ಮೊದಲ ಫೋಟೋ ಶಿಬಿರ ಇಟಗಿಯಲ್ಲಿ. ನಾವು ಮಾಡಿದ ತಪ್ಪೆಂದರೆ ಹಿಂದಿನ ದಿನವೇ ಡಂಗುರ ಸಾರಿಸಿದ್ದು. ‘ನಾಳೆ ನಿಮ್ಮ ಎತ್ತಿನ ಫೋಟೋ ತೆಗೆಯುತ್ತಾರೆ’ ಎಂದರೆ ಯಾವ ರೈತ ಎತ್ತನ್ನು ಹಾಗೇ ತರುತ್ತಾನೆ? ನಾವು ಹೋಗುವ ಹೊತ್ತಿಗೆ ಭೀಮಾಂಬಿಕೆಯ ಗುಡಿಯ ಮುಂದಿನ ಬಯಲಿನಲ್ಲಿ ಎತ್ತುಗಳು ಮದುಮಕ್ಕಳಂತೆ ಸಾಲುಗಟ್ಟಿದ್ದವು. ಕೊಂಬಿಗೆ ಬಣ್ಣ, ಕೊಂಬಿನ ತುದಿಗೆ ಕೊಣಸು, ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆಸರ, ಬೆನ್ನಿನ ಮೇಲೆ ಕನ್ನಡಿ ಹಚ್ಚಿದ ಝೂಲ. ಸುಳಿಯೂ ಕಾಣದು, ಮಚ್ಚೆಯೂ ಕಾಣದು, ಕೆಲವು ಎತ್ತುಗಳಿಗೆ ಕಣ್ಣೂ ಕಾಣುತ್ತಿರಲಿಲ್ಲ.

‘ಇದನ್ನೆಲ್ಲ ತೆಗೀರಿ,’ ಎಂದರು ಡಾಕ್ಟರು.

ಎತ್ತಿಗೆ ಝೂಲ ಹಾಕಿ ತಂದಿದ್ದ ಮುದುಕನೊಬ್ಬ ಅವರನ್ನು ಮೇಲಿಂದ ಕೆಳಗೆ ನೋಡಿದ. ‘ನಿಮ್ಮ ಲಗ್ನದ ಫೋಟೋಕ್ಕ ನೀವು ಅಂಗಿ ಕಳದ ನಿಂತಿದ್ರೇನ್ರಿ?’

ಡಾಕ್ಟರು ಕ್ಯಾಮೆರಾ ಎತ್ತಿದರು. ಫೋಟೋ ತೆಗೆದೆವು. ಮೇಲಿನ ಕಚೇರಿಯವರು ‘ಪ್ರಾಣಿ ಕಾಣಿಸುತ್ತಿಲ್ಲ’ ಎಂದು ಎಲ್ಲವನ್ನೂ ವಾಪಸು ಕಳಿಸಿದರು. ಮತ್ತೆ ಇಟಗಿ. ಈ ಸಲ ಸಾರಿಸದೇ ಹೋದೆವು, ಹೊಲಕ್ಕೆ ಹೊರಟ ಎತ್ತುಗಳನ್ನು ದಾರಿಯಲ್ಲಿ ಹಿಡಿದೆವು. ಆದರೆ ಒಂದು ಮಾತು ಹೇಳುತ್ತೇನೆ. ಮೊದಲ ಸಲದ ಫೋಟೋಗಳೇ ಚೆನ್ನಾಗಿದ್ದವು. ವಾಪಸು ಬಂದ ಪ್ರತಿಗಳನ್ನು ಮಾಲಕರಿಗೇ ಕೊಟ್ಟೆವು, ಎಷ್ಟೋ ಮನೆಗಳಲ್ಲಿ ದೇವರ ಪಕ್ಕ ಅವು ಇಂದಿಗೂ ಇವೆ.

ನರಗುಂದದಲ್ಲಿ ನನ್ನದೇ ಕೆಲಸ ಮಾಡುತ್ತಿದ್ದ ಬಸಲಿಂಗಪ್ಪ ಎಂಬ ಗೆಳೆಯನಿದ್ದ. ಅವನಿಗೂ ಒಂದು ಕ್ಯಾಮೆರಾ ಬಂತು, ಬಂದ ದಿನದಿಂದ ಅದನ್ನು ಕೊರಳಿನಿಂದ ಇಳಿಸಲಿಲ್ಲ. ಅದೇ ತಿಂಗಳು ನನ್ನ ಕೈಗೆ ಮೊದಲ ಮೊಬೈಲ್ ಫೋನ್ ಬಂದಿತ್ತು. ಎರಡನ್ನೂ ಜೋಡಿಸದೇ ಇರುವುದು ನನ್ನಿಂದ ಆಗಲಿಲ್ಲ. ಬಸಲಿಂಗಪ್ಪನಿಗೆ ಫೋನ್ ಹಚ್ಚಿ, ಮೂಗು ಹಿಡಿದುಕೊಂಡು, ದೊಡ್ಡ ಕಚೇರಿಯ ದನಿಯಲ್ಲಿ ಮಾತಾಡಿದೆ. ಕೋಳಿಗಳಿಗೂ ವಿಮೆ ಬಂದಿದೆ, ಹತ್ತಾರು ಕೋಳಿಗಳ ಫೋಟೋ ಸಂಜೆಯೊಳಗೆ ಬೇಕು, ಪಾಸ್‌ಪೋರ್ಟಿನ ರೀತಿ ಮುಖ ನೇರವಾಗಿರಬೇಕು, ಎರಡೂ ಕಣ್ಣು ಸ್ಪಷ್ಟವಾಗಿ ಕಾಣಬೇಕು.

ಕೋಳಿಯ ಕಣ್ಣುಗಳು ಎಲ್ಲಿರುತ್ತವೆ ಎಂದು ಒಮ್ಮೆ ನೆನಪಿಸಿಕೊಳ್ಳಿರಿ. ಬಲಗಣ್ಣು ಕಂಡರೆ ಎಡಗಣ್ಣು ಕಾಣದು. ನರಗುಂದದ ಗುಡ್ಡದ ಕೆಳಗೆ ಬಸಲಿಂಗಪ್ಪ ಇಡೀ ದಿನ ಕೋಳಿಗಳ ಮುಂದೆ ಮೊಣಕಾಲೂರಿ, ಆ ಕಡೆ ಈ ಕಡೆ ವಾಲುತ್ತಿದ್ದುದನ್ನು ನೋಡಿದವರು ಇದ್ದಾರೆ. ಸಂಜೆ ಅವನೇ ನನಗೆ ಫೋನ್ ಹಚ್ಚಿದ.

‘ಫಕೀರಪ್ಪಾ, ನಿಮ್ಮ ಕಡೆ ಕೋಳಿ ಹ್ಯಾಂಗ ನಿಂದರಿಸಿದ್ರಿ? ನಮ್ಮವು ಒಂದೂ ನೆಟ್ಟಗ ನೋಡವಲ್ವು.’

‘ಮುಂದ ಒಂದ ಬೆಕ್ಕ ಕುಂದರಸ ನೋಡ,’ ಎಂದೆ.

ಆಮೇಲೆ ಅವನಿಗೆ ವಿಷಯ ತಿಳಿಯಿತು. ನರಗುಂದಕ್ಕೆ ಹೋದಾಗಲೆಲ್ಲ ಅವನ ಮನೆಯಲ್ಲಿ ನನಗೆ ಮೊಟ್ಟೆ ಸಾರಿನ ಊಟ, ಮೊಟ್ಟೆ ಮಾತ್ರ ಇರುತ್ತಿರಲಿಲ್ಲ.

ಫೋನು ಬಂದದ್ದರಿಂದ ನನಗೆ ಆದ ನಿರಾಳವನ್ನು ಈಗಿನವರಿಗೆ ತಿಳಿಸಿ ಹೇಳುವುದು ಕಷ್ಟ. ಹಿಂದೆ ಯಾವುದೋ ಹಳ್ಳಿಯಲ್ಲಿ ಆಕಳು ಕರು ಹಾಕಲಾರದೆ ಒದ್ದಾಡುತ್ತಿದ್ದರೆ ಒಬ್ಬ ಸೈಕಲ್ ತುಳಿದುಕೊಂಡು ರೋಣಕ್ಕೆ ಬರಬೇಕು. ನಾನು ದವಾಖಾನಿಯಲ್ಲಿ ಇರದಿದ್ದರೆ ಇನ್ನೊಂದು ಹಳ್ಳಿಗೆ ತುಳಿಯಬೇಕು. ನಾನು ಮುಟ್ಟುವ ಹೊತ್ತಿಗೆ ಎಷ್ಟೋ ಸಲ ಮನೆಯವರು ಸುಮ್ಮನೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅವರು ಏನೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ, ನೀರು ಕುಡಿದು ಗಾಡಿ ತಿರುಗಿಸುತ್ತಿದ್ದೆ. ಫೋನು ಬಂದ ಮೇಲೆ ಆ ಕಟ್ಟೆಗಳ ಮೇಲೆ ಅಂಥ ಮೌನ ಕಡಿಮೆಯಾಯಿತು. ಅದೊಂದಕ್ಕೆ ಆ ಯಂತ್ರಕ್ಕೆ ನಾನು ಕೈಮುಗಿಯುತ್ತೇನೆ.

ಆದರೆ ಮೊದಮೊದಲು ಜನ ಅದನ್ನು ಬಳಸಿದ ರೀತಿ ಬೇರೆ. ಗಜೇಂದ್ರಗಡದ ಒಬ್ಬ ನೇಕಾರ, ಮನೆಯಲ್ಲಿ ಒಂದು ಆಕಳು ಸಾಕಿದ್ದವನು, ‘ಹ್ಯಾಂಗ ನರಳಾಕತ್ತೈತಿ ನೀವ ಕೇಳ್ರಿ’ ಎಂದು ಫೋನನ್ನು ಆಕಳ ಬಾಯಿಗೇ ಹಿಡಿದ. ನನ್ನ ಕಿವಿಯಲ್ಲಿ ಬಿಸಿ ಉಸಿರು ಬಿಟ್ಟಂತಾಯಿತು. ನಾನೇನು ಕಡಿಮೆ?

‘ನಾಲಿಗಿ ಹೊರಗ ತಗಿ, ನೋಡತೇನಿ,’ ಎಂದೆ.

ಆ ಕಡೆ ಗುದ್ದಾಟ ಕೇಳಿಸಿತು. ಆಮೇಲೆ ಏದುಸಿರಿನ ದನಿ: ‘ತಗದೇನ್ರಿ. ಕಾಣತೈತೇನ್ರಿ?’

‘ಒಂಚೂರ ಬೆಳಕಿಗೆ ಹಿಡಿ.’

ಹಿಡಿದ. ಹೊಟ್ಟೆಯುಬ್ಬರ ಎಂದೆ, ಎಣ್ಣೆ ಕುಡಿಸಲು ಹೇಳಿದೆ, ಗುಣವಾಯಿತು. ಫಕೀರಪ್ಪ ಫೋನಿನಲ್ಲೇ ನಾಲಿಗೆ ನೋಡಿದ ಎಂದು ಗಜೇಂದ್ರಗಡದಲ್ಲಿ ಹೆಸರಾಯಿತು. ಈಗ ನೀವು ವಿಡಿಯೋದಲ್ಲಿ ನೋಡಿ ಔಷಧ ಹೇಳುತ್ತೀರಲ್ಲ, ಆ ಪದ್ಧತಿ ಶುರುಮಾಡಿದವನು ನಾನು. ವಿಡಿಯೋ ಆಮೇಲೆ ಬಂತು.

ಇಷ್ಟೆಲ್ಲ ಹೇಳಿದ್ದು ನನ್ನ ದೊಡ್ಡಸ್ತಿಕೆಗೆ. ಈಗ ನನ್ನ ದೊಡ್ಡಸ್ತಿಕೆ ಏನೂ ಕೆಲಸ ಮಾಡದ ಒಂದು ಸಂಗತಿ ಹೇಳುತ್ತೇನೆ. ಹೊಸಬರು ನೆನಪಿಡಬೇಕಾದದ್ದು ಇದನ್ನೇ.

ಮಲಪ್ರಭೆಗೆ ದೊಡ್ಡ ನೀರು ಬಂದ ವರ್ಷ ಅದು. ಹೊಳೆಮಣ್ಣೂರಿನೊಳಗೆ ಹೊಳೆ ನುಗ್ಗಿತ್ತು. ಜನ ಎತ್ತರದಲ್ಲಿದ್ದ ಶಾಲೆಗೆ ಸೇರಿದ್ದರು. ನೀರು ಬಂದಾಗ ಅಲ್ಲಿಯ ಮಂದಿ ಮೊದಲು ಮಾಡುವ ಕೆಲಸ ದನದ ಹಗ್ಗ ಬಿಚ್ಚುವುದು. ಬಿಚ್ಚಿದರೆ ಈಜಿ ಎಲ್ಲಾದರೂ ದಡ ಮುಟ್ಟುತ್ತದೆ, ಕಟ್ಟಿದರೆ ಅಲ್ಲಿಯೇ ಹೋಗುತ್ತದೆ. ಹೀಗಾಗಿ ನೀರಿಳಿದ ಮೇಲೆ ಯಾರದೋ ದನ ಯಾರದೋ ಹೊಲದಲ್ಲಿ. ಡಾಕ್ಟರು, ನಾನು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಊರೂರು ತಿರುಗಿ, ಫೋಟೋ ತೋರಿಸಿ ದನಗಳನ್ನು ಮನೆಗೆ ಮುಟ್ಟಿಸುತ್ತಿದ್ದೆವು.

ಹೊಳೆಮಣ್ಣೂರಿನ ದ್ಯಾಮವ್ವ ಶಾಲೆಯ ಮೆಟ್ಟಿಲ ಮೇಲೆ ನಮ್ಮನ್ನು ಹಿಡಿದಳು. ಕೂಲಿಗೆ ಹೋಗುವ ಹೆಂಗಸು, ಗಂಡ ತೀರಿಕೊಂಡಿದ್ದ, ಒಬ್ಬನೇ ಮಗ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದ. ಅವಳಿಗೆ ಇದ್ದದ್ದು ಒಂದು ಎಮ್ಮೆ, ಹೆಸರು ಚಂದ್ರಿ. ಅದರ ಹಾಲು ಚಹಾದಂಗಡಿಗೆ ಹಾಕಿ ಬದುಕುತ್ತಿದ್ದಳು.

‘ಚಂದ್ರಿ ಅಸೂಟಿ ಸಿದ್ದಪ್ಪನ ಮನ್ಯಾಗ ಐತ್ರಿ. ನಾ ಹೋಗಿ ನೋಡಿ ಬಂದೇನಿ. ನಂದ ಅಂತಾನ ಆ ಮನಶ್ಯಾ.’

‘ನಿಂದ ಅನ್ನಾಕ ಏನ ಗುರ್ತ?’

‘ನನ್ನ ಎಮ್ಮಿ ನನಗ ಗುರ್ತ ಸಿಗೂದಿಲ್ಲೇನ್ರಿ? ನಿಮ್ಮನ್ನ ನಿಮ್ಮ ಹೇಣ್ತಿ ಹ್ಯಾಂಗ ಗುರ್ತ ಹಿಡೀತಾಳ?’ ಎಂದಳು. ಆಮೇಲೆ ದನಿ ಇಳಿಸಿದಳು. ‘ಎಮ್ಮಿ ಸಿಕ್ರ ನಾ ಊರಾಗ ಉಳೀತೇನ್ರಿ. ಸಿಗಲಿಲ್ಲಂದ್ರ ಗೋವಾಕ್ಕ ಹೋಗಿ ಮಗನ ಕೂಡ ಇಟ್ಟಂಗಿ ಹೊರಬೇಕು. ಅವ ಇರೂದು ನಾಕ ಮಂದಿ ಗಂಡಸ್ರ ಜೋಡಿ ಒಂದ ತಗಡಿನ ಖೋಲ್ಯಾಗ. ನಾ ಎಲ್ಲಿ ಮಲಗ್ಲಿ ಅಲ್ಲಿ?’

ಡಾಕ್ಟರು ನನ್ನ ಕಡೆ ನೋಡಿದರು. ‘ಫೋಟೋ ಇದೆಯಲ್ಲ ಫಕೀರಪ್ಪ, ನೀವೇ ತೆಗೆದದ್ದು. ತೋರಿಸಿ ಬಿಡಿಸಿಕೊಂಡು ಬರೋಣ, ನಡೀರಿ.’

ಸಿದ್ದಪ್ಪನ ಮನೆ ಅಸೂಟಿಯ ಹೊಲದ ನಡುವೆ. ಅವನು ಕೆಟ್ಟವನಲ್ಲ. ಅವನ ಎಮ್ಮೆಯೂ ಅದೇ ನೀರಿನಲ್ಲಿ ಹೋಗಿತ್ತು. ನೀರಿಳಿದ ಮೇಲೆ ಗೋವಿನಜೋಳದ ಹೊಲದಲ್ಲಿ ಒಂದು ಎಮ್ಮೆ ನಿಂತಿದ್ದರೆ ತನ್ನದೇ ತಿರುಗಿ ಬಂತು ಎಂದುಕೊಂಡ, ಅರಿಷಿಣ ಹಚ್ಚಿ ಒಳಗೆ ಕಟ್ಟಿದ. ವಿಮೆಗೆಂದು ಹಾಕಿದ್ದ ಕಿವಿಯ ಬಿಲ್ಲೆ ಎಲ್ಲೋ ಮುಳ್ಳಿಗೆ ಸಿಕ್ಕು ಹರಿದುಹೋಗಿತ್ತು, ಕಿವಿ ಮಾತ್ರ ಉಳಿದಿತ್ತು.

ಅಂಗಳದಲ್ಲಿ ಎಮ್ಮೆ ನಿಂತಿತ್ತು. ಸಿದ್ದಪ್ಪನ ಮಗ, ಗಟ್ಟಿಮುಟ್ಟಾದ ಹುಡುಗ, ಹಗ್ಗ ಹಿಡಿದಿದ್ದ. ಸಿದ್ದಪ್ಪನ ಹೆಂಡತಿ ಪಾರವ್ವ ಬಾಗಿಲಲ್ಲಿ. ನೆರೆಹೊರೆಯವರು ಗೋಡೆಗುಂಟ ಕೂತರು. ಡಾಕ್ಟರು ಕ್ಯಾಮೆರಾ ತೆರೆದು ದ್ಯಾಮವ್ವನ ಎಮ್ಮೆಯ ಫೋಟೋ ಹುಡುಕಿದರು. ಎಲ್ಲರ ತಲೆಗಳೂ ಆ ಪುಟ್ಟ ಗಾಜಿನ ಮೇಲೆ ಬಾಗಿದವು.

ಅದರಲ್ಲಿ ದ್ಯಾಮವ್ವ ನೆಟ್ಟಗೆ ನಿಂತಿದ್ದಳು. ಇಳಕಲ್ ಸೀರೆ, ತಲೆತುಂಬ ಸೆರಗು, ಎರಡೂ ಕೈ ಬದಿಗೆ. ಎಮ್ಮೆ ಅವಳ ಬೆನ್ನ ಹಿಂದೆ. ಸೆರಗಿನ ಆ ಕಡೆ ಒಂದು, ಈ ಕಡೆ ಒಂದು, ಎರಡು ಕೊಂಬು ಹೊರಗೆ ಬಂದಿದ್ದವು.

‘ಎಮ್ಮೆ ಎಲ್ರೀ?’ ಎಂದರು ಡಾಕ್ಟರು.

‘ಹಿಂದ ಐತ್ರಿ,’ ಎಂದಳು ದ್ಯಾಮವ್ವ.

‘ನೀನ್ಯಾಕಮ್ಮ ಮುಂದೆ ನಿಂತೆ?’

‘ನನ್ನ ಎಮ್ಮಿ ಫೋಟೋದಾಗ ನಾ ಇರಬಾರ್ದೇನ್ರಿ? ಇವ್ರ ಬಾಜೂಕ ಸರಿ ಅಂದ್ರು. ಸರದ್ರ ಬ್ಯಾರೇದವ್ರ ಎಮ್ಮಿ ಆಕ್ಕೈತಿ ಅಂತ ನಾ ಸರೀಲಿಲ್ಲ.’

ಗೋಡೆಯ ಕಡೆಯಿಂದ ಯಾರೋ, ‘ಕೊಂಬೇನೋ ಹೊಂದತಾವ್ರಿ. ಯಾರವು ಅನ್ನೂದ ಪ್ರಶ್ನಿ,’ ಎಂದರು. ನಗು ಎದ್ದಿತು. ದ್ಯಾಮವ್ವ ನಗಲಿಲ್ಲ, ಎಂದೂ ನಗುವ ನಾನೂ ಅಂದು ನಗಲಿಲ್ಲ.

ಸಿದ್ದಪ್ಪನ ಎಮ್ಮೆಯ ಫೋಟೋವೂ ನಮ್ಮ ಹತ್ತಿರ ಇತ್ತು. ಅದನ್ನು ಕತ್ತಲ ಕೊಟ್ಟಿಗೆಯಲ್ಲಿ ತೆಗೆದಿದ್ದೆವು. ಎಲ್ಲ ಕಪ್ಪು, ನಡುವೆ ಹಸಿರಾಗಿ ಹೊಳೆಯುವ ಎರಡು ಕಣ್ಣು.

‘ಇದು ದೆವ್ವ ಐತಿ,’ ಎಂದಳು ಪಾರವ್ವ.

‘ನನ್ನ ಎಮ್ಮಿಗೆ ದೆವ್ವ ಅನಬ್ಯಾಡ,’ ಎಂದ ಸಿದ್ದಪ್ಪ.

ಅಲ್ಲಿಗೆ ಇಲಾಖೆಯ ಹೊಸ ಯಂತ್ರದ ಕೆಲಸ ಮುಗಿಯಿತು. ಹಳೆಯ ಪದ್ಧತಿಯಂತೆ, ಎಮ್ಮೆಯೇ ಮನೆ ಆರಿಸಲಿ ಎಂದು ನಾನು ಹೇಳಿದೆ. ಒಂದು ಕಡೆ ದ್ಯಾಮವ್ವ, ಇನ್ನೊಂದು ಕಡೆ ಪಾರವ್ವ, ಇಬ್ಬರ ಕೈಯಲ್ಲೂ ಒಂದೊಂದು ಹಿಡಿ ಹಿಂಡಿ. ಹಗ್ಗ ಬಿಟ್ಟೆವು. ದ್ಯಾಮವ್ವ ‘ಚಂದ್ರೀ, ಬಾರವ್ವಾ’ ಎಂದು ಕರೆದಳು. ಎಮ್ಮೆ ಇಬ್ಬರನ್ನೂ ನೋಡಿತು, ನಡುವಿನಿಂದ ಹಾಯ್ದು ಹೋಗಿ ಡಾಕ್ಟರ ಚೀಲದಿಂದ ಹೊರಗೆ ಬಂದಿದ್ದ ಹತ್ತಿಯನ್ನು ತಿನ್ನತೊಡಗಿತು. ಕತೆಗಳಲ್ಲಿ ಆಕಳು ಅಳುತ್ತ ಒಡತಿಯ ಹತ್ತಿರ ಓಡಿ ಬರುತ್ತದೆ. ಎಮ್ಮೆಯನ್ನು ಸಾಕಿದವರು ಅಂಥ ಕತೆ ಬರೆಯುವುದಿಲ್ಲ.

ದ್ಯಾಮವ್ವ ಕೈಯಲ್ಲಿದ್ದ ಹಿಂಡಿಯನ್ನು ಅಲ್ಲಿಯೇ ಕಟ್ಟೆಯ ಮೇಲೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು.

ಡಾಕ್ಟರು ಶರ್ಟಿನ ತೋಳು ಸರಿಮಾಡಿಕೊಂಡು ಹೇಳಿದರು, ‘ನೋಡಮ್ಮ, ಗುರುತು ಸಿಗ್ತಾ ಇಲ್ಲ. ಗುರುತು ಸಿಗದಿದ್ರೆ ಯಾರ ಹತ್ತಿರ ಇದೆಯೋ ಅವರ ಹತ್ತಿರಾನೇ ಬಿಡಬೇಕಾಗತ್ತೆ. ನಾನೇನೂ ಮಾಡೋಕಾಗಲ್ಲ.’

‘ಹಾಲ ಎಷ್ಟ ಕೊಡತೈತಿ?’ ಎಂದು ನಾನು ಪಾರವ್ವನನ್ನು ಕೇಳಿದೆ. ಹೊತ್ತು ಕಳೆಯಲು ಕೇಳಿದ್ದೇ ಹೊರತು ಮತ್ತೇನೂ ಹೊಳೆದಿರಲಿಲ್ಲ.

‘ಏನ ಹಾಲ್ರಿ,’ ಎಂದಳು ಪಾರವ್ವ. ‘ಬಂದಾಗಿಂದ ತೊರಿ ಬಿಡವಲ್ದು, ಹಾಲ ಕೆಳಗ ಇಳಸವಲ್ದು. ಕೆಚ್ಚಲ ಬಿಗಿದ ಕಲ್ಲ ಆಗೇತಿ. ಬ್ಯಾರೇ ಎಮ್ಮಿ ಕರಾ ಬಿಟ್ಟ ನೋಡೇನಿ, ಹಿಂಡಿ ಇಟ್ಟ ನೋಡೇನಿ, ಬಿಸಿನೀರ ಹಾಕೇನಿ. ಕುಂತ ಕೂಡ್ಲೇ ಜಾಡಿಸಿ ಒದೀತೈತಿ. ಒಂದ ತಂಬಗಿ ಬಂದ್ರ ದೇವ್ರ ಕೊಟ್ಟಂಗ.’

‘ನೀರಾಗ ಅಂಜೇತಿ, ಅದಕ್ಕ,’ ಎಂದ ಸಿದ್ದಪ್ಪ. ಆದರೆ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ಅವನ ಎಮ್ಮೆ ಪಾರವ್ವನಿಗೆ ಒದೆಯುತ್ತಿರಲಿಲ್ಲ ಎಂಬುದು ಅವನ ಮುಖದ ಮೇಲೆಯೇ ಇತ್ತು.

ಅಷ್ಟರಲ್ಲಿ ಡಾಕ್ಟರ ಜೇಬಿನಲ್ಲಿ ಫೋನು ಬಾರಿಸಿತು. ಕಚೇರಿಯವರು, ಎಷ್ಟು ದನ ಮುಟ್ಟಿಸಿದಿರಿ ಎಂದು ಕೇಳಲು. ಆಗ ನಮ್ಮ ಕಡೆ ಫೋನು ಇದ್ದವರ ಕೈಯಲ್ಲೆಲ್ಲ ಒಂದೇ ಕಂಪನಿಯದು, ಎಲ್ಲಕ್ಕೂ ಒಂದೇ ರಾಗ. ಬಸ್ಸಿನಲ್ಲಿ ಒಂದು ಬಾರಿಸಿದರೆ ಅರ್ಧ ಬಸ್ಸು ಜೇಬು ಮುಟ್ಟಿಕೊಳ್ಳುತ್ತಿತ್ತು. ಡಾಕ್ಟರು ಫೋನು ತೆಗೆಯಲು ಪರದಾಡುತ್ತಿದ್ದರು, ಕ್ಯಾಮೆರಾದ ಪಟ್ಟಿ ಅಡ್ಡ ಬಂದಿತ್ತು. ಫೋನು ಬಾರಿಸುತ್ತಲೇ ಇತ್ತು.

ಎಮ್ಮೆ ಹತ್ತಿ ತಿನ್ನುವುದನ್ನು ನಿಲ್ಲಿಸಿತು. ಎರಡೂ ಕಿವಿ ಮುಂದೆ ಮಾಡಿತು. ಆಮೇಲೆ ನಿಧಾನವಾಗಿ ಹಿಂಗಾಲು ಅಗಲಿಸಿ, ಬಾಲ ಒಂದು ಕಡೆ ಮಾಡಿ, ಸೊಂಟ ಇಳಿಸಿ ನಿಂತಿತು. ಕೆಚ್ಚಲಿನಿಂದ ಒಂದು ಹನಿ. ಇನ್ನೊಂದು ಹನಿ. ನಾಲ್ಕೂ ಮೊಲೆಯಿಂದ ಹಾಲು ತಾನಾಗಿಯೇ ನೆಲಕ್ಕೆ ಸುರಿಯತೊಡಗಿತು. ಹತ್ತಿರ ನಿಂತಿದ್ದ ಡಾಕ್ಟರ ಬೂಟಿನ ಮೇಲೂ ಬಿತ್ತು.

ಫೋನು ನಿಂತಿತು. ಎಮ್ಮೆ ತಲೆ ತಿರುಗಿಸಿ ಏನನ್ನೋ ಹುಡುಕಿತು.

‘ಹಿಂಡಿ ಹುಡಕಾಕತ್ತೈತ್ರಿ,’ ಎಂದಳು ದ್ಯಾಮವ್ವ.

‘ಯಾಕ?’ ಎಂದೆ.

‘ನಮ್ಮ ಮನ್ಯಾಗ ರೇಂಜ್ ಸಿಗೂದ ಗ್ವಾದಲಿ ಕಡೆ ಅಷ್ಟರಿ, ಎಮ್ಮಿ ಮೇವ ತಿನ್ನೂ ಜಾಗಾದಾಗ. ಮಗ ಸಂಜಿಕ ಕೆಲಸ ಬಿಟ್ಟ ಕೂಡ್ಲೇ ಫೋನ ಹಚ್ಚತಾನ. ಅದ ಹಿಂಡೂ ಹೊತ್ತು. ಫೋನ ಬಾರಸ್ತಂದ್ರ ಅಲ್ಲಿಗೆ ಓಡತೇನಿ, ಈಕಿ ತಲಿ ತಿವದು ಮಾತಾಡಾಕ ಬಿಡಾಕಿಲ್ಲ, ಅದಕ್ಕ ಮುಂದ ಒಂದ ಹಿಡಿ ಹಿಂಡಿ ಚೆಲ್ಲತೇನಿ. ಫೋನ ಕಿವಿಗೂ ಹೆಗಲಿಗೂ ನಡಕ ಸಿಗಿಸಿಕೊಂಡ ಹಿಂಡಾಕ ಕುಂದರತೇನಿ. ಅವ ಅಲ್ಲಿಂದ ಮಾತಾಡತಾನ, ಈಕಿ ಇಲ್ಲಿ ಹಾಲ ಬಿಡತಾಳ. ಕರಾ ಸತ್ತಮ್ಯಾಲ ಹಿಂಗ ರೂಢಿ ಆಗೇತ್ರಿ. ಫೋನ ನೀರಾಗ ಹೋತು.’

‘ಇದನ್ನ ಮೊದಲ ಯಾಕ ಹೇಳಲಿಲ್ಲ?’

‘ನೀವ ಗುರ್ತ ಕೇಳಿದ್ರಿ. ಇದೂ ಗುರ್ತ ಅಂತ ನನಗೇನ ಗೊತ್ತರಿ?’

ಒಮ್ಮೆ ಆದದ್ದು ಆಕಸ್ಮಿಕ ಇರಬಹುದು ಎಂದು ಸಿದ್ದಪ್ಪ ಅಂದ. ನ್ಯಾಯವಾದ ಮಾತು. ಕೊಟ್ಟಿಗೆಯಲ್ಲಿದ್ದ ಅವನ ಇನ್ನೊಂದು ಎಮ್ಮೆಯನ್ನೂ ತಂದು ಪಕ್ಕದಲ್ಲಿ ನಿಲ್ಲಿಸಿದೆವು. ನಾನು ಗೋಡೆಯ ಆಚೆ ಹೋಗಿ ನನ್ನ ಫೋನಿನಿಂದ ಡಾಕ್ಟರಿಗೆ ಹಚ್ಚಿದೆ. ಸಿದ್ದಪ್ಪನ ಎಮ್ಮೆ ನೊಣ ಓಡಿಸುತ್ತ ನಿಂತಿತ್ತು. ಚಂದ್ರಿ ಮತ್ತೆ ಕಾಲು ಅಗಲಿಸಿದಳು. ನನಗೆ ಗೋಡೆಯಾಚೆಯಿಂದ ಕಾಣಲಿಲ್ಲ, ಮಂದಿಯ ಉಸಿರು ಕೇಳಿಸಿತು. ಒಂದು ಕ್ಷಣ ಮೊದಲು ಆ ಎಮ್ಮೆ ಸುಮ್ಮನೆ ನಿಂತುಬಿಟ್ಟರೆ ಎಂಬ ಅಂಜಿಕೆ ನನಗಿತ್ತು, ಹೇಳುವುದಕ್ಕೆ ನಾಚಿಕೆಯಿಲ್ಲ. ಜೀವಮಾನವೆಲ್ಲ ಫೋನಿನಲ್ಲಿ ಮಂದಿಗೆ ಟೋಪಿ ಹಾಕಿದವನು, ಅಂದು ಫೋನು ಹಿಡಿದು ದೇವರನ್ನು ನೆನೆದೆ.

ಪಾರವ್ವನೇ ಮೊದಲು ಬಾಯಿ ಬಿಟ್ಟಳು. ‘ಬಿಡ್ರಿ ಇನ್ನ. ಎಮ್ಮಿ ಹೇಳೇತಲ್ಲ.’ ಗಂಡನ ಕಡೆ ತಿರುಗಿ, ‘ನಮ್ಮದ ಹೊಳಿ ಪಾಲಾತು. ಮಂದಿ ಎಮ್ಮಿ ಕಟ್ಟಿಕೊಂಡ್ರ ಅದ ತಿರುಗಿ ಬರ್ತೈತೇನ?’ ಎಂದಳು.

ಸಿದ್ದಪ್ಪ ಎಮ್ಮೆಯ ಬೆನ್ನು ಒಮ್ಮೆ ಸವರಿದ. ಆಮೇಲೆ ಮಗನಿಗೆ, ‘ಹಗ್ಗ ಕೊಡ ಆಕೀಗೆ,’ ಎಂದ.

ದ್ಯಾಮವ್ವ ಹಗ್ಗ ಹಿಡಿಯಲಿಲ್ಲ. ‘ಮೊದಲ ಚರಗಿ ಕೊಡ್ರಿ. ಇಷ್ಟ ಬಿಗದ ಕೆಚ್ಚಲಿಲೆ ಹೊಳೆಮಣ್ಣೂರ ತನಕ ಹ್ಯಾಂಗ ನಡೀತಾಳ?’ ಎಂದು ಕುಕ್ಕರಗಾಲಿನಲ್ಲಿ ಕೂತೇಬಿಟ್ಟಳು. ಹಿಂಡುವವರೆಗೆ ಫೋನು ಬಾರಿಸುತ್ತಲೇ ಇರಬೇಕು. ಡಾಕ್ಟರು ತಮ್ಮ ಫೋನನ್ನು ಎಮ್ಮೆಯ ಕಿವಿಯ ಹತ್ತಿರ ಹಿಡಿದು ನಿಂತರು, ನಾನು ಹಚ್ಚಿದೆ, ಕಟ್ ಮಾಡಿದೆ, ಮತ್ತೆ ಹಚ್ಚಿದೆ. ಎತ್ತದಿದ್ದರೆ ದುಡ್ಡು ಹೋಗುವುದಿಲ್ಲ ಎಂಬುದು ಆಗಿನ ಕಾಲದ ದೊಡ್ಡ ವಿದ್ಯೆ. ನಡುವೆ ಕಚೇರಿಯವರೂ ಒಮ್ಮೆ ಹಚ್ಚಿದರು. ಡಾಕ್ಟರು ಅದನ್ನೂ ಎತ್ತಲಿಲ್ಲ, ಎಮ್ಮೆಗೇ ಕೇಳಿಸಿದರು. ಅವರ ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಸಗಣಿ ಸಿಡಿದಿತ್ತು. ಅವರು ಅದನ್ನು ನೋಡಲಿಲ್ಲ. ಆ ದಿನದಿಂದ ನಾನೇ ಹಳ್ಳಿಗಳಲ್ಲಿ ‘ಇವರು ಡಾಕ್ಟರು, ನಾನು ಇವರ ಜೋಡಿ ಬಂದವನು’ ಎಂದು ಹೇಳತೊಡಗಿದೆ.

ಚರಗಿ ತುಂಬಿ ನೊರೆ ಮೇಲೆದ್ದಿತು. ದ್ಯಾಮವ್ವ ಎದ್ದು ಅದನ್ನು ತಾನು ಇಟ್ಟುಕೊಳ್ಳಲಿಲ್ಲ, ಪಾರವ್ವನ ಕೈಗೆ ಕೊಟ್ಟಳು.

‘ಇಷ್ಟ ದಿನ ಒದಿ ತಿಂದಿ. ಮೇವ ಹಾಕೀದಿ. ಇದು ನಿಮ್ಮ ಮನೀ ಮೇವಿನ ಹಾಲ, ಕಾಸಿ ಎಲ್ಲಾರೂ ಕುಡೀರಿ.’

ಆಮೇಲೆ ಹಗ್ಗ ಹಿಡಿದಳು. ಎಮ್ಮೆ ಅವಳ ಹಿಂದೆ ಹೊರಟಿತು, ಅದೇನೂ ದೊಡ್ಡ ಸಂತೋಷ ತೋರಿಸಲಿಲ್ಲ, ಹೋಗುವಾಗ ಕಟ್ಟೆಯ ಮೇಲಿನ ಹಿಂಡಿಯನ್ನು ಮಾತ್ರ ನೆಕ್ಕಿಕೊಂಡು ಹೋಯಿತು. ಸಿದ್ದಪ್ಪ ಹಾದಿಯವರೆಗೆ ಬಂದ. ಸೋತ ಮನುಷ್ಯ ಏನಾದರೂ ಒಂದು ಮಾತು ಆಡಬೇಕಲ್ಲ.

‘ನಾನೂ ಒಂದ ಫೋನ ತಗೊಂಡಿದ್ರ ಎಮ್ಮಿ ನಮ್ಮಲ್ಲೇ ಉಳೀತಿತ್ತೇನ ದ್ಯಾಮವ್ವಾ?’

ದ್ಯಾಮವ್ವ ನಿಂತು, ಅವನ ಹಿಂದೆ ಬಂದಿದ್ದ ಮಗನನ್ನು ಒಮ್ಮೆ ನೋಡಿದಳು.

‘ಎಲ್ಲೀದ ಯಣ್ಣಾ,’ ಎಂದಳು. ‘ನಿನಗ ಯಾರ ಫೋನ ಹಚ್ಚತಾರ? ಮಗ ಮಗ್ಗಲದಾಗ ನಿಂತಾನಲ್ಲ.’